ಶುಕ್ರವಾರ ಮ್ಯೂಸಿಯಂ ಬಂದ್

ಬಾದಾಮಿಯ ಮೇನ್ ರೋಡಿನಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ಬಸ್‌ಸ್ಟ್ಯಾಂಡಿಗೆ ಕೂಗಳತೆ ದೂರ. ಒಂದು ಶುಕ್ರವಾರ ಮಧ್ಯಾಹ್ನ ಮೈಸೂರು ಕಡೆಯ ಗಂಡ ಹೆಂಡತಿ, ಜೊತೆಗೆ ವಯಸ್ಸಾದ ತಾಯಿ, ಎಲ್ಲಿಂದ ಶುರು ಮಾಡೋಣ ಅಂತ ಕೇಳಿದರು. ಬಿಸಿಲು ಸುಡುತ್ತಿತ್ತು. ‘ಮೊದಲು ಮ್ಯೂಸಿಯಂ ನೋಡ್ರಿ, ನೆರಳಿರ್ತದ’ ಎಂದು ದೊಡ್ಡ ಜಾಣನಂತೆ ಕಳಿಸಿಕೊಟ್ಟೆ. ಮುಕ್ಕಾಲು ಗಂಟೆ ಕಳೆದ ಮೇಲೆ ಆ ಅಜ್ಜಿ ಸೆರಗಿನಿಂದ ಬೆವರೊರೆಸುತ್ತ ಬಂದು ನನ್ನ ಅಂಗಡಿ ಕಟ್ಟೆ ಮೇಲೆ ಕೂತರು. ಬೈಯಲಿಲ್ಲ. ‘ಶುಕ್ರವಾರ ರಜವಂತಪ್ಪ’ ಎಂದರು, ಅಷ್ಟೇ. ಹುಟ್ಟಿ ಬೆಳೆದ ಊರಿನ ಮ್ಯೂಸಿಯಂಗೆ ವಾರದ ರಜೆ ಯಾವತ್ತು ಅನ್ನುವುದೂ ನನಗೆ ಗೊತ್ತಿರಲಿಲ್ಲ. ನಾನು ಅದರೊಳಗೆ ಕಾಲಿಟ್ಟಿದ್ದು ಹೈಸ್ಕೂಲಿನಲ್ಲಿದ್ದಾಗ.

ಆ ರಾತ್ರಿ ಚಹಾದಂಗಡಿಯಲ್ಲಿ ಈ ಕಥೆ ಹೇಳಿದಾಗ ಎಲ್ಲರೂ ನಕ್ಕರು. ಆದರೆ ಅಲ್ಲಿದ್ದವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಹೀಗೆ, ಊರು ನೋಡಲು ಬಂದವರಿಗೆ ನೆಟ್ಟಗೆ ದಾರಿ ಹೇಳೋಣವೆಂದು ಐದು ಮಂದಿ ಸೇರಿದೆವು. ನಾನು, ಚಹಾದಂಗಡಿಯಾತ, ಒಬ್ಬ ಆಟೊ ಡ್ರೈವರ್, ರಿಟೈರಾದ ಮಾಸ್ತರರು ಮತ್ತು ತಟ್ಟುಕೋಟೆಯ ಒಬ್ಬ ಅಕ್ಕ. ಸಂಘಕ್ಕೆ ಹೆಸರಿಲ್ಲ, ಬ್ಯಾನರಿಲ್ಲ. ಅಧ್ಯಕ್ಷರು ಯಾರಾಗಬೇಕು ಅನ್ನುವ ಮಾತು ಒಮ್ಮೆ ಬಂತು, ಅಲ್ಲೇ ಮುಚ್ಚಿಹಾಕಿದೆವು.

ಮೊದಲು ಮಾಡಿದ್ದು ಒಂದೇ ಕೆಲಸ. ಒಂದು ಭಾನುವಾರ ಬೆನ್ನಿಗೆ ಬ್ಯಾಗು ಹಾಕಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗಿ, ಈಗಷ್ಟೇ ಇಳಿದವರಂತೆ ಊರೊಳಗೆ ಬಂದೆವು. ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ. ಮೊದಲು ಟಾಂಗಾ ಇದ್ದವು, ಈಗ ಆಟೊ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಿಂತರೆ ಮನೆಗಳ ಹಿಂದೆ ಕೆಂಪು ಗುಡ್ಡದ ನೆತ್ತಿ ಕಂಡೀತು, ಗುಹೆಗಳಂತೂ ಕಾಣವು. ‘ಬಾದಾಮಿ ಎಲ್ಲಿ?’ ಎಂದು ಬಾದಾಮಿಯಲ್ಲೇ ನಿಂತು ಜನ ಯಾಕೆ ಕೇಳುತ್ತಾರೆ ಅಂತ ಅವತ್ತು ತಿಳಿಯಿತು. ಕುಡಿಯುವ ನೀರು ಎಲ್ಲಿ, ಹೆಣ್ಮಕ್ಕಳಿಗೆ ಬಾತ್‌ರೂಮ್ ಎಲ್ಲಿ, ಬ್ಯಾಗು ಎಲ್ಲಿ ಇಡೋದು, ಪಟ್ಟದಕಲ್ಲಿಗೆ ಮುಂದಿನ ಬಸ್ಸು ಎಷ್ಟಕ್ಕೆ: ಈ ನಾಲ್ಕಕ್ಕೂ ನಮ್ಮ ಹತ್ತಿರ ನೆಟ್ಟಗೆ ಉತ್ತರವಿರಲಿಲ್ಲ.

ಬಸ್ಸಿನ ವೇಳೆಗೆ ನಾನೊಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ತಿಂಗಳಿಗೊಮ್ಮೆ ಕಂಡಕ್ಟರುಗಳನ್ನು ಕೇಳಿ ತಿದ್ದುತ್ತೇನೆ. ಪಟ್ಟದಕಲ್ಲು 22 ಕಿಲೋಮೀಟರ್, ಐಹೊಳೆ ಅದರಾಚೆ. ಹೋಗುವ ಬಸ್ಸು ಹೇಳುವಾಗ ಬರುವ ಬಸ್ಸನ್ನೂ ಹೇಳಲೇಬೇಕು. ಇದನ್ನು ಕಲಿತದ್ದು, ಒಬ್ಬ ಹುಡುಗ ಐಹೊಳೆಯಲ್ಲಿ ಸಂಜೆ ಸಿಕ್ಕಿಹಾಕಿಕೊಂಡು ನನಗೆ ಫೋನ್ ಮಾಡಿದ ಮೇಲೆ.

ಮಾಸ್ತರರದ್ದು ಬೇರೆ ಕಥೆ. ಅವರಿಗೆ ಚಾಲುಕ್ಯರೆಂದರೆ ಜೀವ. ಮೊದಲ ವಾರವೇ ಒಬ್ಬ ತಾಯಿಯನ್ನು ತಡೆದು ನಿಲ್ಲಿಸಿ, ಮೂರನೇ ಗುಹೆಯ 578ರ ಶಾಸನ, ಮಂಗಳೇಶ, ಅಲ್ಲಿಂದ ಪುಲಿಕೇಶಿ ಅಂತ ಶುರುಮಾಡಿದರು. ಆಕೆಯ ಕೈ ಹಿಡಿದಿದ್ದ ನಾಲ್ಕು ವರ್ಷದ ಹುಡುಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದ. ಪುಲಿಕೇಶಿ ನರ್ಮದೆ ತಲುಪುವಷ್ಟರಲ್ಲಿ ಹುಡುಗನ ಚಡ್ಡಿ ಒದ್ದೆ. ಮಾಸ್ತರರು ಎರಡು ದಿನ ಚಹಾಕ್ಕೆ ಬರಲಿಲ್ಲ. ಈಗ ಅವರ ಮೊದಲ ಮಾತು ‘ನೀರು ಬೇಕೇನ್ರಿ?’ ಕೇಳಿದವರಿಗಷ್ಟೇ ಇತಿಹಾಸ.

ಗೈಡುಗಳಿಗೆ ನಮ್ಮ ಮೇಲೆ ಅನುಮಾನ ಬಂತು, ಬರಬೇಕಾದ್ದೇ. ‘ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ’ ಎಂದು ಒಬ್ಬರು ಅಂಗಡಿಗೇ ಬಂದು ಹೇಳಿದರು. ಗುಹೆಗಳ ಟಿಕೆಟ್ ಗೇಟಿನ ಒಳಗೆ ನಾವು ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟೆವು. ಹದಿನೆಂಟು ಕೈಯ ನಟರಾಜನನ್ನು ತೋರಿಸುವುದು ಅವರ ಅನ್ನ. ಆಟೊದವರ ಜೊತೆ ಮಾತ್ರ ಇನ್ನೂ ಪೂರ್ತಿ ಹೊಂದಿಕೆಯಾಗಿಲ್ಲ. ದರದ ಬೋರ್ಡು ಹಾಕೋಣವೆಂದಾಗ ಜಗಳವೇ ಆಯಿತು. ಕೊನೆಗೆ ನಮ್ಮ ಡ್ರೈವರನೇ ಒಂದು ದಾರಿ ಹುಡುಕಿದ. ಬ್ಯಾಗು ಒಳಗಿಡುವ ಮೊದಲೇ ರೇಟು ಹೇಳುವುದು. ಕೆಲವರು ಹೇಳುತ್ತಾರೆ, ಕೆಲವರು ಇಲ್ಲ.

ಮಂಗಗಳ ವಿಷಯವನ್ನಂತೂ ಕೇಳಲಿ ಬಿಡಲಿ ಹೇಳುತ್ತೇವೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಒಳಗೆ ಏನಿದೆ ಅಂತ ನೋಡುವ ತಾಳ್ಮೆ ಅವಕ್ಕಿಲ್ಲ. ಬಾಳೆಹಣ್ಣು, ಬಿಸ್ಕೀಟು ಅಂಗಡಿಯಲ್ಲೇ ಬಿಟ್ಟು ಹೋಗಿ ಅನ್ನುತ್ತೇನೆ. ವಾಪಸು ಬರುವಾಗ ಎಷ್ಟೋ ಜನ ಮರೆತೇ ಹೋಗುತ್ತಾರೆ. ಆ ಬಾಳೆಹಣ್ಣಿನ ಲೆಕ್ಕ ಯಾರೂ ಕೇಳಬಾರದು.

ನಮ್ಮೈವರಲ್ಲಿ ಈ ಕೆಲಸ ನಿಜವಾಗಿ ಬರುವುದು ತಟ್ಟುಕೋಟೆಯ ಅಕ್ಕನಿಗೆ. ಅಗಸ್ತ್ಯತೀರ್ಥ ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತ ಬೆಳೆದವಳು. ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ತಿರುಗಿ ಬರುತ್ತದೆ, ಬಂದವರು ಅದಕ್ಕೇ ಮೊಬೈಲ್ ಹಿಡಿಯುತ್ತಾರೆ. ‘ಕೇಳದ ಫೋಟೊ ಹೊಡೀತಾರ, ನಮ್ಮನ್ನೂ ಗುಡಿ ಅಂತ ತಿಳಿದಾರೇನು?’ ಎಂದು ಮೊದಲ ಸಭೆಯಲ್ಲೇ ಸಿಟ್ಟಾದಳು. ಅಂದಿನಿಂದ ನಾವು ಊರಿಗೆ ಬಂದವರಿಗೆ ಇದನ್ನೂ ಹೇಳುತ್ತೇವೆ, ಮೊದಲು ಕೇಳಿ. ಕೇಳಿದರೆ ಆಕೆ ನಕ್ಕು ಸೆರಗು ಸರಿಮಾಡಿಕೊಂಡು ನಿಲ್ಲುತ್ತಾಳೆ.

ಕಪ್ಪೆ ಅರಭಟ್ಟನ ಶಾಸನಕ್ಕೆ ಜನರನ್ನು ಕರೆದೊಯ್ಯುವವಳೂ ಅವಳೇ. ಕ್ರಿ.ಶ. 700ರ ಹೊತ್ತಿನ ಅಕ್ಷರ, ಬಂಡೆಯ ಮೇಲೆ ಕೊರೆದದ್ದು, ಕನ್ನಡದ ಹಳೆಯ ತ್ರಿಪದಿ ಇರುವುದು ಅಲ್ಲೇ. ಆಕೆಗೆ ಅದನ್ನು ಓದಲು ಬಾರದು, ಮಾಸ್ತರರ ಬಾಯಿಂದ ಕೇಳಿ ಕಲಿತಿದ್ದಾಳೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಅಂತ ರಾಗವಾಗಿ ಹೇಳಿ, ‘ಅಂದ್ರ, ಚಲೋ ಮಂದಿಗೆ ಚಲೋ. ಕಾಡಿದ್ರ ನೋಡ್ರಿ ಮತ್ತ!’ ಎಂದು ಅರ್ಥ ಬಿಡಿಸುತ್ತಾಳೆ. ಅದೇ ಹೊತ್ತಿಗೆ ಒಮ್ಮೆ ಒಬ್ಬರ ಕನ್ನಡಕ ಹಾರಿಸಿಕೊಂಡು ಹೋದ ಮಂಗನಿಗೆ ಕಲ್ಲು ತೋರಿಸಿ, ‘ಇದಕ್ಕೂ ಅದ ಮಾತು’ ಅಂದಳಂತೆ. ಸಂಜೆಯಾದರೆ ಅಲ್ಲಿಂದ ಭೂತನಾಥನ ಗುಡಿಗೆ ಕಳಿಸುತ್ತಾಳೆ. ಇಳಿಬಿಸಿಲು ಕೆರೆ ದಾಟಿ ಆ ಗುಡಿಯ ಮೇಲೆ ಬೀಳುವ ಹೊತ್ತು ಆಕೆಗೆ ಗಡಿಯಾರವಿಲ್ಲದೆಯೂ ಗೊತ್ತು.

ಊಟ ಎಲ್ಲಿ ಎಂದರೆ ನಾವು ಯಾವ ಹೋಟೆಲಿನ ಹೆಸರೂ ಹೇಳುವುದಿಲ್ಲ, ಇಲ್ಲದ ಮನಸ್ತಾಪ ಬೇಡ. ಬನಶಂಕರಿ ಗುಡಿಗೆ ಹೋಗುವವರಿದ್ದರೆ, ಅಲ್ಲಿ ಬುಟ್ಟಿ ಹೊತ್ತು ಬರುವ ಅಮ್ಮಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ತಿನ್ನಿ ಅನ್ನುತ್ತೇವೆ. ಖಾರ ತಡೆಯದವರಿಗೆ ಮೊಸರು ಮೊದಲು.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಬಂತೆಂದರೆ ಮಾತ್ರ ನಮ್ಮ ಕೆಲಸ ಬಂದ್. ನಾಟಕ ಕಂಪನಿಗಳು ಬಂದು ಟೆಂಟು ಹಾಕಿರುತ್ತವೆ, ಚಹಾದಂಗಡಿಯಾತ ಸಂಜೆಗೇ ಷಟರ್ ಎಳೆಯುತ್ತಾನೆ. ಆ ದಿನಗಳಲ್ಲಿ ಯಾರಾದರೂ ಬ್ಯಾಗು ಹಿಡಿದು ನನ್ನ ಅಂಗಡಿ ಮುಂದೆ ನಿಂತು ದಾರಿ ಕೇಳಿದರೆ ನೋಟ್‌ಬುಕ್ ತೆಗೆಯುವುದಿಲ್ಲ. ‘ತಡೀರಿ, ಬಾಗಲಾ ಹಾಕ್ತೀನಿ. ನಾವೂ ಅಲ್ಲಿಗೇ ಹೊಂಟೀವಿ’ ಅನ್ನುತ್ತೇನೆ.