ಬಿ.ಪಿ., ಶುಗರ್ ಗುಳಿಗೆ ತಿಂಗಳಾ ತಪ್ಪದೆ ಸಿಗಬೇಕಾದರೆ

ಖಾಲಿ ಸ್ಟ್ರಿಪ್ ಹಿಡಿದು ಮೆಡಿಕಲ್‌ಗೆ ಹೋಗಿ "ಇದೇ ಕೊಡ್ರಿ" ಅನ್ನುವುದು ನಮ್ಮ ಕಡೆಯ ರೂಢಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಇರಲಿ, ಹಳ್ಳಿಯ ಸಣ್ಣ ಅಂಗಡಿ ಇರಲಿ, ಕೊಟ್ಟೂ ಬಿಡುತ್ತಾರೆ. ಆದರೆ ಈ ಗುಳಿಗೆಗಳಲ್ಲಿ ಬಹುಪಾಲು ಷೆಡ್ಯೂಲ್ ಎಚ್‌ಗೆ, ಅಂದರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಗೆ, ಸೇರಿದವು. 1945ರ ಔಷಧ ನಿಯಮಗಳ ಪ್ರಕಾರ ಒಂದು ಚೀಟಿಗೆ ಒಂದೇ ಸಲ ಔಷಧ. ಮತ್ತೆ ಕೊಡಬಹುದು ಎಂದು ಡಾಕ್ಟರೇ ಬರೆದಿದ್ದರೆ ಮಾತ್ರ ಅಷ್ಟು ಸಲ. ಹಾಗಾಗಿ ಮುಂದಿನ ತಿಂಗಳ ಗುಳಿಗೆಯ ವ್ಯವಸ್ಥೆ ಆಗಬೇಕಾದದ್ದು ಈ ತಿಂಗಳು ಡಾಕ್ಟರ ಮುಂದೆ ಕೂತಾಗಲೇ.

ಚೀಟಿ ಕೈಗೆ ಬರುವ ಮುಂಚೆ ಕೇಳಿ: "ಸರ್, ಎಷ್ಟು ದಿನಕ್ಕೆ, ಎಷ್ಟು ಸಲ ಅಂತ ಬರೀರಿ." ರೋಗಿಯ ಹೆಸರು, ವಿಳಾಸ, ತಾರೀಖು, ಸಹಿ ಇರಲೇಬೇಕು. ಔಷಧದ ಮೂಲ ಹೆಸರು (ಕಂಪನಿ ಇಟ್ಟ ಹೆಸರಲ್ಲ) ದೊಡ್ಡಕ್ಷರದಲ್ಲಿ, ಎಷ್ಟು ಮಿ.ಗ್ರಾಂ, ದಿನಕ್ಕೆ ಎಷ್ಟು ಹೊತ್ತು, ಒಟ್ಟು ಎಷ್ಟು ಗುಳಿಗೆ ಎಂಬುದೂ ಬೇಕು. ಕೊನೆಗೆ "30 ದಿನಕ್ಕೊಮ್ಮೆ, 3 ಸಲ ಕೊಡಬಹುದು" ಎಂಬ ಒಂದು ಸಾಲು ಸೇರಿದರೆ ಮೂರು ತಿಂಗಳ ಓಡಾಟ ಉಳಿಯಿತು. ಬರೆಸಿದ ಕೂಡಲೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಮೂಲ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿರಲಿ, ಮಡಿಕೆಯಲ್ಲಿ ಮೊದಲು ಅಳಿಸಿಹೋಗುವುದು ಮಿ.ಗ್ರಾಂ ಅಂಕಿಯೇ.

ಸರಕಾರಿ ದವಾಖಾನೆಯಲ್ಲಿ ಬಿ.ಪಿ., ಶುಗರ್‌ನ ಸಾಮಾನ್ಯ ಗುಳಿಗೆಗಳು ಪುಕ್ಕಟೆ: ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್. ಮೊದಲ ಸಲ ರೋಗಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಬಿ.ಪಿ., ಶುಗರ್‌ನಂಥ ಅಂಟದ ರೋಗಗಳ) ವಿಭಾಗಕ್ಕೋ ಹೋಗಿ ಹೆಸರು ಬರೆಸಬೇಕು. ಸೋಲಾಪುರ, ಹೈದರಾಬಾದಿನ ಡಾಕ್ಟರು ಬರೆದ ಕಾಗದ ಇದ್ದರೆ ಎಲ್ಲವನ್ನೂ ಒಯ್ಯಿರಿ, ಜೊತೆಗೆ ಮನೆಯಲ್ಲಿ ಸದ್ಯ ನುಂಗುತ್ತಿರುವ ಸ್ಟ್ರಿಪ್‌ಗಳನ್ನೂ. ಆಮೇಲೆ ಊರಿನ ಸರಕಾರಿ ಆರೋಗ್ಯ ಉಪಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಬಿ.ಪಿ. ನೋಡಿ ತಿಂಗಳ ಗುಳಿಗೆ ಕೊಡುತ್ತಾರೆ. ವಯಸ್ಸಾದವರ ಬದಲು ಮನೆಯವರು ಬಂದರೆ ನಡೆಯುತ್ತದೆಯೇ ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ದೊಡ್ಡ ಎಡವಟ್ಟು ಆಗುವುದು ಇಲ್ಲೇ. ಸರಕಾರಿ ದಾಸ್ತಾನಿನಲ್ಲಿ ಜೋಡಿ ಗುಳಿಗೆಗಳು ಕಡಿಮೆ. ಹೊರಗಿನ ಡಾಕ್ಟರು ಟೆಲ್ಮಾ ಎಎಂ ಬರೆದಿದ್ದಾರೆ ಅನ್ನಿ. ಅದರಲ್ಲಿ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ಎರಡೂ ಇವೆ. ದವಾಖಾನೆಯಲ್ಲಿ ಅವೆರಡನ್ನೂ ಬೇರೆ ಬೇರೆ ಕೊಡುತ್ತಾರೆ. ಮನೆಯಲ್ಲಿ ಹಳೆಯದು ಇನ್ನೂ ಉಳಿದಿರುತ್ತದೆ. ಅಜ್ಜ ಅದನ್ನೂ ನುಂಗುತ್ತಾರೆ, ಇದನ್ನೂ ನುಂಗುತ್ತಾರೆ. ಡೋಸ್ ಇಮ್ಮಡಿ ಆಗಿ ಬೆಳಿಗ್ಗೆ ಏಳುವಾಗ ತಲೆ ಗಿರ್ ಅನ್ನುತ್ತದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಇರುವ ಗ್ಲೈಕೋಮೆಟ್ ಜಿಪಿ ಕಥೆಯೂ ಹೀಗೆಯೇ, ಆದರೆ ಅಲ್ಲಿ ಶುಗರ್ ಕುಸಿಯುತ್ತದೆ, ಇದು ಇನ್ನೂ ಅಪಾಯ. ಹೊಸ ಗುಳಿಗೆ ಬಂದ ದಿನವೇ ಹಳೆಯ ಸ್ಟ್ರಿಪ್ ಮೇಲಿನ ಸಣ್ಣಕ್ಷರದ ಹೆಸರನ್ನು ಹೊಸದರ ಜೊತೆ ತಾಳೆ ನೋಡಿ. ಒಂದೇ ಹೆಸರು ಎರಡು ಕಡೆ ಕಂಡರೆ ಹಳೆಯದನ್ನು ತೆಗೆದಿಟ್ಟು ಯಾವುದು ಮುಂದುವರಿಸಬೇಕೆಂದು ಕೇಳಿ. ಹೆಸರಿನ ಮುಂದೆ ಎಸ್‌ಆರ್ ಅಥವಾ ಇಆರ್ ಎಂದಿದ್ದರೆ ಅದು ನಿಧಾನವಾಗಿ ಔಷಧ ಬಿಡುವ ಗುಳಿಗೆ, ಅದನ್ನು ಅರೆಯಬೇಡಿ, ನೀರಲ್ಲಿ ಕರಗಿಸಬೇಡಿ.

ಲೆಕ್ಕಕ್ಕೆ ಬರೋಣ. ಮೆಟ್‌ಫಾರ್ಮಿನ್ ದಿನಕ್ಕೆರಡು ಅಂದರೆ ತಿಂಗಳಿಗೆ 60: ಹತ್ತರ ಸ್ಟ್ರಿಪ್ ಆದರೆ 6, ಹದಿನೈದರದಾದರೆ 4. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಕೋಸ್ಪ್ರಿನ್ 75ರ ಸ್ಟ್ರಿಪ್‌ನಲ್ಲಿ 14 ಗುಳಿಗೆ ಇರುತ್ತವೆ. ಎರಡು ಸ್ಟ್ರಿಪ್ ತಂದರೆ ತಿಂಗಳ ಕೊನೆಗೆ ಎರಡು ದಿನ ಖಾಲಿ. ಮೊದಲ ತಿಂಗಳು ಮೂರು ತಂದರೆ ಉಳಿದ ಗುಳಿಗೆಗಳ ಜೊತೆ ತಾರೀಖು ಹೊಂದುತ್ತದೆ. ಬಿಡಿಯಾಗಿ ಕತ್ತರಿಸಿ ಕೊಟ್ಟರೆ ಹೆಸರು, ಎಕ್ಸ್‌ಪೈರಿ ಇರುವ ತುದಿ ನಿಮಗೇ ಬರಲಿ.

ಇನ್ಸುಲಿನ್ ಬಾಟಲಿಯಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇದ್ದರೆ 10 ಮಿ.ಲೀ. ಬಾಟಲಿಯಲ್ಲಿ ಒಟ್ಟು 400. ಬೆಳಿಗ್ಗೆ 18, ರಾತ್ರಿ 12 ತಗೊಳ್ಳುವವರಿಗೆ ಅದು 13 ದಿನ ಬರುತ್ತದೆ, ಅಂದರೆ ತಿಂಗಳಿಗೆ ಮೂರು ಬೇಕು. ಇದಕ್ಕೆ ಕೆಂಪು ಟೋಪಿಯ 40ರ ಸಿರಿಂಜ್. 100 ಯೂನಿಟ್‌ನ ಸಿರಿಂಜ್ ಹಾಕಿದರೆ ಡೋಸ್ ಅರ್ಧಕ್ಕೂ ಕಡಿಮೆ ಹೋಗುತ್ತದೆ. ಇನ್ನೂ ಬಳಸಲು ಶುರುಮಾಡದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಲಿ, ಬರ್ಫಿನ ಖಾನೆಗೆ ತಾಗಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದವರು ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಇಟ್ಟು, ನಡುವೆ ಒದ್ದೆ ಉಸುಕು ತುಂಬಿ ಒಳಗಿಡಬಹುದು. ಒಮ್ಮೆಗೆ ಒಂದೇ ಬಾಟಲಿ ತನ್ನಿ.

ಏಳು ದಿನದ ಗುಳಿಗೆ ಉಳಿದಿರುವಾಗಲೇ ಹೊರಡಿ. ಆ ದಿನ ಸ್ಟಾಕ್ ಇಲ್ಲ ಅಂದರೂ ಕಡಿಮೆ ಬೆಲೆಗೆ ಔಷಧ ಮಾರುವ ಜನೌಷಧಿ ಕೇಂದ್ರ ಹುಡುಕಲು ಸಮಯ ಇರುತ್ತದೆ. ತೊಗರಿ ರಾಶಿ, ಜಾತ್ರೆ, ಸಾಲುಸಾಲು ರಜೆ ಇದ್ದರೆ ಇನ್ನೂ ಮೊದಲು. ಬಿ.ಪಿ.ಯ ಅಟೆನೊಲಾಲ್, ಮೆಟೊಪ್ರೊಲಾಲ್ ಮತ್ತು ಫಿಟ್ಸ್‌ನ ಗುಳಿಗೆಗಳನ್ನು ದಿಢೀರ್ ನಿಲ್ಲಿಸಬಾರದು: ಮೊದಲಿನೆರಡನ್ನು ಬಿಟ್ಟರೆ ಎದೆನೋವು, ಫಿಟ್ಸ್‌ನವನ್ನು ಬಿಟ್ಟರೆ ಫಿಟ್ಸ್ ಬರಬಹುದು. ತೀರಾ ಕೈಮೀರಿದರೆ ಮೊಬೈಲ್‌ನಲ್ಲೇ ಡಾಕ್ಟರನ್ನು ಕಾಣುವ ಸರಕಾರಿ ಸೇವೆ ಇ-ಸಂಜೀವಿನಿಯಲ್ಲಿ ಪುಕ್ಕಟೆಯಾಗಿ ಡಾಕ್ಟರ ಜೊತೆ ಮಾತಾಡಿ ಹಳೆ ಚೀಟಿಯ ಫೋಟೋ ತೋರಿಸಿ. ಆತಂಕಕ್ಕೆ ಕೊಡುವ ಅಲ್ಪ್ರಾಜೋಲಾಮ್, ನೋವಿಗೆ ಕೊಡುವ ಟ್ರಮಡಾಲ್‌ನಂಥವು ಇನ್ನೂ ಬಿಗಿ ನಿಯಮದ ಷೆಡ್ಯೂಲ್ ಎಚ್1. ಅಂಗಡಿಯವರು ನಿಮ್ಮ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳಿದರೆ ಅವರ ಮೇಲೆ ಸಿಟ್ಟಾಗಬೇಡಿ.

ಪುಣೆ, ಮುಂಬೈಗೆ ದುಡಿಯಲು ಹೋಗುವವರು ಹೊರಡುವ ಮುನ್ನ ಎರಡು-ಮೂರು ತಿಂಗಳ ಔಷಧ ಕೊಡಲಾಗುತ್ತದೆಯೇ ಎಂದು ಕೇಳಿ. ಆಗದಿದ್ದರೆ ಮೂಲ ಹೆಸರಿರುವ ಚೀಟಿ ಸಾಕು, ಅಲ್ಲಿನ ಸರಕಾರಿ ಆಸ್ಪತ್ರೆಯವರು ಓದಿಕೊಳ್ಳುತ್ತಾರೆ.

ರಿಪೀಟ್ ಅಂದರೆ ವರ್ಷಗಟ್ಟಲೆ ಅದೇ ಡೋಸ್ ಅಲ್ಲ. ಶುಗರ್ ಹತೋಟಿಗೆ ಬಾರದಿದ್ದರೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ), ವರ್ಷಕ್ಕೊಮ್ಮೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ). ಥೈರಾಯ್ಡ್ ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ. ಆಮ್ಲೋಡಿಪಿನ್‌ನಿಂದ ಕಾಲು ಬಾತಿದ್ದರೆ, ಎನಲಾಪ್ರಿಲ್‌ನಿಂದ ಒಣ ಕೆಮ್ಮು ಹತ್ತಿದ್ದರೆ ಮುಂದಿನ ತಿಂಗಳ ಗುಳಿಗೆ ತಗೊಳ್ಳುವ ಮುಂಚೆ ಹೇಳಿ, ಆಮೇಲಲ್ಲ.