ಮಗಳ ಪದವಿಗೆ ಅಂಗಳದಲ್ಲೇ ಚಪ್ಪರ

ಮಗಳು ಎಂ.ಎಸ್‌ಸಿ ಮುಗಿಸಿದಳು. ನಮ್ಮ ಮನೆಯಲ್ಲಿ ಇಷ್ಟು ಓದಿದವರು ಅವಳೇ ಮೊದಲು. ಎರಡು ವರ್ಷ ದಿನಾ ಮಂಡ್ಯದಿಂದ ಮೈಸೂರಿಗೆ ರೈಲು, ಅಲ್ಲಿಂದ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಬಸ್ಸು. ಬೆಳಿಗ್ಗೆ ನಾನು ಡಬ್ಬಿ ಕಟ್ಟುವಾಗ ಅತ್ತೆ ಅವಳಿಗೆ ಜಡೆ ಹಾಕುತ್ತಿದ್ದರು. ಘಟಿಕೋತ್ಸವದ ದಿನ ಮಂಡಿನೋವಿನಿಂದ ಅತ್ತೆಗೆ ಬರಲು ಆಗಲಿಲ್ಲ. ಅದಕ್ಕೇ ಮನೆ ಅಂಗಳದಲ್ಲಿ ಇನ್ನೊಂದು ಸಲ ಪದವಿ ಕೊಡೋಣ, ಅತ್ತೆ ಕೈಯಿಂದಲೇ ಕೊಡಿಸೋಣ ಅಂತ ತೀರ್ಮಾನ ಮಾಡಿದೆವು.

ಛತ್ರ ಮಾಡಿ ಅಂದರು ನೆಂಟರು. ನನಗೆ ಮನಸ್ಸು ಬರಲಿಲ್ಲ. ಓದಿದ್ದು ಈ ಜಗಲಿ ಮೇಲೆ, ಊಟವೂ ಇಲ್ಲೇ ಆಗಬೇಕು ಅಲ್ವಾ?

ಅದು ಮಾರ್ಚ್‌ನ ಭಾನುವಾರ. ಸಂಜೆ 5ರ ತನಕ ಅಂಗಳದಲ್ಲಿ ಕಾಲಿಡಲು ಆಗದಷ್ಟು ಬಿಸಿಲು. ಹಾಗಾಗಿ ಎಲ್ಲರಿಗೂ 6ಕ್ಕೆ ಬನ್ನಿ ಅಂತ ಹೇಳಿದೆವು. ಹಿಂದಿನ ದಿನವೇ ತೆಂಗಿನ ಗರಿಯ ಚಪ್ಪರ ಹಾಕಿಸಿದೆವು. ಪಶ್ಚಿಮದ ಕಡೆ ಗರಿಗಳನ್ನು ನೆಲ ಮುಟ್ಟುವಂತೆ ಇಳಿಬಿಡಿ, ಇಳಿಬಿಸಿಲು ಮುಖಕ್ಕೆ ಹೊಡೆಯೋದು ಆ ಕಡೆಯಿಂದಲೇ.

ಅರವತ್ತು ಜನಕ್ಕೆ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಪಾನಕ. ಬೆಲ್ಲಕ್ಕೆ ಆಲೆಮನೆಗೆ ನಾನೇ ಹೋದೆ. ಹಳದಿಯಾಗಿ ಹೊಳೆಯುವ ಬೆಲ್ಲ ನೋಡಲು ಚೆಂದ, ಆದರೆ ಆ ಬಣ್ಣ ಜಾಸ್ತಿ ಬರೋದು ಮದ್ದು ಹಾಕುವುದರಿಂದ. ಕಪ್ಪಗಿನ ಬೆಲ್ಲ ತಂದೆ. ಒಬ್ಬಟ್ಟು ಸ್ವಲ್ಪ ಕಂದು ಬಣ್ಣಕ್ಕೆ ತಿರುಗುತ್ತದೆ, ಪರವಾಗಿಲ್ಲ, ರುಚಿಯೇ ಬೇರೆ.

ಎಡವಿದ್ದು ಹೂರಣದಲ್ಲಿ. ಮಾತಾಡುತ್ತಾ ಬೇಳೆಯನ್ನು ಜಾಸ್ತಿ ಬೇಯಿಸಿಬಿಟ್ಟೆ. ಬೆಲ್ಲ ಬಿದ್ದ ಕೂಡಲೇ ಗಂಜಿಯಂತಾಯಿತು. ಕೈಕಾಲು ನಡುಗಿತು. ಅತ್ತೆ ಕೂತಲ್ಲಿಂದಲೇ, "ದಪ್ಪ ತಳದ ಬಾಣಲೆಗೆ ಹಾಕಿ ಕೈಬಿಡದೆ ಮಗುಚು" ಅಂದರು. ಅರ್ಧ ಗಂಟೆ ಮಗುಚಿದೆ. ಕೊನೆಗೆ ಎರಡು ಹಿಡಿ ಹುರಿಗಡಲೆ ಹಿಟ್ಟು ಸೇರಿಸಿದೆ. ಉಂಡೆ ಕಟ್ಟಿದರೆ ಕೈಗೆ ಅಂಟಲಿಲ್ಲ. ಆಗ ಉಸಿರು ಬಂತು. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಇದನ್ನು ಮರೆಯಬೇಡಿ.

ಪಾನಕಕ್ಕೆ 15 ಲೀಟರ್ ನೀರು, ಎರಡೂವರೆ ಕೆಜಿ ಬೆಲ್ಲ, 25 ನಿಂಬೆಹಣ್ಣು, ಏಲಕ್ಕಿ, ಶುಂಠಿ, ಸ್ವಲ್ಪ ಮೆಣಸು. ಬೆಲ್ಲ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ದರೆ ಮರಳು ಬಾಯಿಗೆ ಸಿಗುತ್ತದೆ. ನಿಂಬೆರಸ ಕೊನೆಗೆ. ಐಸ್ ಹಾಕಲಿಲ್ಲ. ಮಣ್ಣಿನ ಗಡಿಗೆಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಟ್ಟೆ. ಸಂಜೆ ಹೊತ್ತಿಗೆ ಗಂಟಲಿಗೆ ಹಿತವಾಗುವಷ್ಟು ತಣ್ಣಗಿತ್ತು.

ಆರೂವರೆಗೆ ಅತ್ತೆಯನ್ನು ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂರಿಸಿದೆವು. ಅವರಿಗೆ ಓದಲು ಬರುವುದಿಲ್ಲ. ಪದವಿ ಪತ್ರದ ಮೇಲೆ ಬೆರಳಿಟ್ಟು, "ಇವಳ ಹೆಸರು ಯಾವುದು?" ಅಂತ ಕೇಳಿದರು. ಮಗಳು ತೋರಿಸಿದಳು. ಅತ್ತೆ ಒಂದೊಂದೇ ಅಕ್ಷರದ ಮೇಲೆ ನಿಧಾನವಾಗಿ ಬೆರಳು ಆಡಿಸಿದರು. ನಾಲ್ವಡಿ ಮಹಾರಾಜರು 1916ರಲ್ಲಿ ಶುರು ಮಾಡಿದ ವಿಶ್ವವಿದ್ಯಾಲಯ ಅಜ್ಜಿ, ಅಂದಳು ಮಗಳು. "ನಮ್ಮ ಗದ್ದೆಗೆ ನೀರು ಬಂದಿದ್ದೂ ಅವರ ಕನ್ನಂಬಾಡಿ ಕಟ್ಟೆಯಿಂದಲೇ ಕಣವ್ವ" ಅಂದರು ಅತ್ತೆ. ಪತ್ರವನ್ನು ಕಣ್ಣಿಗೊತ್ತಿಕೊಂಡು ಅವಳ ಕೈಗಿಟ್ಟರು. ನನಗೆ ಅಳು ತಡೆಯಲು ಆಗಲಿಲ್ಲ, ಸೀದಾ ಪಾನಕದ ಗಡಿಗೆ ಹತ್ತಿರ ಹೋಗಿ ನಿಂತೆ.

ಮಾರನೆಯ ದಿನ ಚಪ್ಪರ ಬಿಚ್ಚಲು ಹೊರಟರೆ ಅತ್ತೆ ಬೇಡ ಅಂದರು. ಯುಗಾದಿ ತನಕ ಇರಲಿ ಅಂತ ಬಿಟ್ಟೆವು. ಈಗ ಮಗಳು ಮಧ್ಯಾಹ್ನ ಅದರ ಕೆಳಗೆ ಚಾಪೆ ಹಾಸಿಕೊಂಡು ಕೆಲಸಕ್ಕೆ ಅರ್ಜಿ ಬರೆಯುತ್ತಾಳೆ. ಪಕ್ಕದಲ್ಲಿ ಅಜ್ಜಿ, ಬೀಸಣಿಗೆ ಹಿಡಿದು.