ಬಾಲ್ ಬರುವ ಮೊದಲು

ನಾನು ಯಾವತ್ತೂ ಓಟಗಾರನಲ್ಲ. ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ 'ಬಿ' ಡಿವಿಷನ್ನಿಂದ ಸೂಪರ್ ಡಿವಿಷನ್‌ವರೆಗೆ ಹನ್ನೊಂದು ವರ್ಷ ಮಿಡ್‌ಫೀಲ್ಡ್‌ನಲ್ಲಿ ಆಡಿದೆ. ಅಷ್ಟೂ ವರ್ಷ ಎದುರಿಗಿದ್ದವರೆಲ್ಲ ನನಗಿಂತ ಜೋರಾಗಿ ಓಡುವವರೇ. ನಾನು ಉಳಿದದ್ದು ಕತ್ತಿನಿಂದ. ಬಾಲ್ ಕಾಲಿಗೆ ಬರುವ ಮುಂಚೆ ಎಡಭುಜದ ಮೇಲಿಂದ ಒಮ್ಮೆ, ಬಲಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿಬಿಡುತ್ತಿದ್ದೆ. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಹದಿನಾರನೇ ವಯಸ್ಸಿಗೆ ಆಸ್ಟಿನ್ ಟೌನ್‌ನಲ್ಲಿ ದೊಡ್ಡವರ ಜೊತೆ ಆಡುವಾಗ, ನೋಡದೆ ತಿರುಗಿದರೆ ಮೊಣಕಾಲಿಗೆ ಬೂಟು ಬೀಳುತ್ತಿತ್ತು. ಕಲಿತುಕೊಂಡೆ.

ಆ ಕಡೆಯ ಹಿರಿಯರಿಗೆ ಫುಟ್‌ಬಾಲ್ ಅಂದರೆ ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡದಲ್ಲಿದ್ದ ಬೆಂಗಳೂರಿನವರು. ಅಲ್ಲೇ ಫ್ರಾನ್ಸ್ ಮೇಲೆ ನಮ್ಮ ಏಕೈಕ ಗೋಲು ಹೊಡೆದ ರಾಮನ್ ಕೂಡ ಈ ಊರಿನವರೇ. ಅವರ ಕಾಲಿನ ಕಥೆ ಎಷ್ಟೋ ಕೇಳಿದ್ದೇನೆ. ಕಣ್ಣು ಎಲ್ಲಿರುತ್ತಿತ್ತು ಅಂತ ಒಬ್ಬರೂ ಹೇಳಲಿಲ್ಲ.

ಕ್ರೀಡಾ ಕೋಟಾದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನದವರೆಗೆ ಸ್ಟೋರ್ಸ್, ಆಮೇಲೆ ಪ್ರಾಕ್ಟೀಸ್. ನಮ್ಮ ಕಾಲಕ್ಕೆ 'ಪ್ರೊಫೆಷನಲ್' ಅಂದರೆ ಬಹಳ ಜನಕ್ಕೆ ಅಷ್ಟೇ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಗಿ ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಾಗ ಗ್ಯಾಲರಿಯಲ್ಲಿ ಕೂತು ಕೂಗಿದೆ, ಹೊಟ್ಟೆಯನ್ನೂ ಉರಿಸಿಕೊಂಡೆ. ಆಗ ನನಗೆ ಇಪ್ಪತ್ತೊಂಬತ್ತು, ಬಲ ಮೊಣಕಾಲಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದು ಎಂಟು ತಿಂಗಳಾಗಿತ್ತು.

ಕೋಚ್ ಆಗುವುದು ಸುಲಭ ಅಂದುಕೊಂಡೇ 'ಡಿ' ಲೈಸೆನ್ಸ್‌ಗೆ ಹೋದೆ. ಡಿ, ಸಿ, ಬಿ, ಎ, ಪ್ರೊ ಅಂತ ಮೆಟ್ಟಿಲುಗಳಿವೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಜೊತೆಯ ಅಭ್ಯರ್ಥಿಗಳನ್ನೇ ಆಟಗಾರರನ್ನಾಗಿ ಮಾಡಿಕೊಂಡು ಸೆಷನ್ ನಡೆಸಬೇಕು. ನಾನು ಇಡೀ ಹೊತ್ತು ಕೂಗಿದ್ದೇ ಕೂಗಿದ್ದು: "ನೋಡು! ತಿರುಗು! ಒನ್ ಟಚ್!" ಮುಗಿದ ಮೇಲೆ ಇನ್‌ಸ್ಟ್ರಕ್ಟರ್ ಕೇಳಿದ್ದು ಒಂದೇ: "ನೀವು ಬಾಯಿ ಮುಚ್ಚಿದ್ದಿದ್ದರೆ ಅವರು ನೋಡುತ್ತಿದ್ದರಾ?" ನಾಚಿಕೆಯಾಯಿತು. ಪಾಸಾದೆ, ಹೇಗೋ.

ಹೆಬ್ಬಾಳದ ಕಡೆ ಹನ್ನೊಂದು-ಹನ್ನೆರಡು ವರ್ಷದ ಹುಡುಗರು ಸಿಕ್ಕ ಮೇಲೆ ಆ ಪ್ರಶ್ನೆ ನಿಜಕ್ಕೂ ಕಾಡಿತು. ಮೊದಲು ಎಲ್ಲರೂ ಮಾಡುವ ಉಪಾಯವನ್ನೇ ಮಾಡಿದೆ: ಬಾಲ್ ಬರುತ್ತಿರುವಾಗ ಹುಡುಗನ ಹಿಂದೆ ನಿಂತು ಬೆರಳು ಎತ್ತುವುದು, ಅವನು ತಿರುಗಿ ನೋಡಿ ಎಷ್ಟು ಅಂತ ಹೇಳುವುದು. ಎರಡು ವಾರದಲ್ಲಿ ಎಲ್ಲರೂ ಚೆನ್ನಾಗಿ ಹೇಳಿದರು. ಮ್ಯಾಚ್‌ನಲ್ಲಿ ಮಾತ್ರ ಒಬ್ಬನೂ ತಿರುಗಲಿಲ್ಲ. ಅವರು ಕಲಿತದ್ದು ನನ್ನ ಬೆರಳು ಹುಡುಕುವುದನ್ನ, ಜಾಗ ಹುಡುಕುವುದನ್ನಲ್ಲ. ಈಗಲೂ ಆ ಕಸರತ್ತು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಮೈದಾನವನ್ನೇ ಬದಲಾಯಿಸಿದೆ. ನಾಲ್ವರ ಮೇಲೆ ನಾಲ್ವರು, ನಾಲ್ಕು ಮೂಲೆಗೂ ಕೋನ್‌ಗಳಿಂದ ಒಂದೊಂದು ಸಣ್ಣ ಗೋಲು. ಎರಡು ಒಂದು ತಂಡಕ್ಕೆ, ಎರಡು ಇನ್ನೊಂದಕ್ಕೆ. ಒಂದು ಗೋಲಿನ ಕಡೆ ಎದುರಾಳಿಗಳು ಗುಂಪುಗೂಡಿದರೆ ಇನ್ನೊಂದು ಖಾಲಿ ಇರುತ್ತದೆ. ನೋಡಿದವನಿಗೆ ಸಿಗುತ್ತದೆ, ನೋಡದವನು ಗುಂಪಿಗೇ ನುಗ್ಗಿ ಬಾಲ್ ಕಳೆದುಕೊಳ್ಳುತ್ತಾನೆ. ನಾನು ಹೇಳುವುದೇನೂ ಇರಲಿಲ್ಲ. ಆಟ ನಿಲ್ಲಿಸಿದಾಗ ಮಾತ್ರ ಕೇಳುತ್ತಿದ್ದೆ: "ಮಗಾ, ಬಾಲ್ ಬರೋಕೆ ಮುಂಚೆ ಏನು ಕಂಡಿತ್ತು?" ಮೊದಲ ದಿನಗಳಲ್ಲಿ ಉತ್ತರ, "ಬಾಲ್, ಸರ್." ಮೂರನೇ ತಿಂಗಳಿಗೆ ಒಬ್ಬ, "ಆ ಕಡೆ ಯಾರೂ ಇರಲಿಲ್ಲ, ಸರ್" ಅಂದ. ಆ ಸಂಜೆ ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಕಾಫಿ ಕೊಟ್ಟಳು.

ಇನ್ನೊಂದು, ದೇಹ ಅರೆ ತಿರುಗಿಸಿ ನಿಲ್ಲುವುದು. ಪಾಸ್ ಕೊಡುವವನಿಗೆ ಪೂರ್ತಿ ಮುಖ ಕೊಟ್ಟು ನಿಂತರೆ ಹಿಂದಿನ ಅರ್ಧ ಮೈದಾನ ಕುರುಡು. ಓರೆಯಾಗಿ ನಿಂತು, ದೂರದ ಕಾಲಲ್ಲಿ ಬಾಲ್ ತೆಗೆದುಕೊಂಡರೆ ಒಂದೇ ಟಚ್‌ಗೆ ತಿರುಗಬಹುದು. ನನಗಿದು ಮೈಗೆ ಬಂದಿತ್ತು, ಬಾಯಿಗೆ ಬಂದಿರಲಿಲ್ಲ. ಮಾತಾಗಿಸುವುದಕ್ಕೆ ಒಂದು ವರ್ಷವೇ ಹಿಡಿಯಿತು. ಆಸ್ಟಿನ್ ಟೌನ್‌ನಲ್ಲಿ ನಾವು ಕೂಗುತ್ತಿದ್ದದ್ದೆಲ್ಲ ತಮಿಳಲ್ಲಿ. ಈ ಹುಡುಗರಿಗೆ "ಬಾಗಿಲು ಅರ್ಧ ತೆಗೆದ ಹಾಗೆ ನಿಲ್ಲು ಕಣೋ" ಅಂದಾಗ ತಟ್ಟನೆ ಹೊಳೆಯಿತು.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತು. ಹುಡುಗರು ಗೋಲುಗಳ ಬಗ್ಗೆಯೇ ಮಾತಾಡಿದರು. ಮಾತಾಡಲಿ.

ಹೋದ ತಿಂಗಳ ಮ್ಯಾಚ್‌ನಲ್ಲಿ "ಯಾರೂ ಇರಲಿಲ್ಲ" ಅಂದ ಅದೇ ಹುಡುಗ ಎರಡು ಸಲ ಹಿಂದೆ ನೋಡಿ, ಬೆನ್ನಿಗೆ ಎದುರಾಳಿ ಇದ್ದದ್ದು ಕಂಡು, ಬಾಲನ್ನು ಬಂದ ದಾರಿಗೇ ವಾಪಸು ಕೊಟ್ಟ. ಗೆರೆಯಾಚೆಯಿಂದ ಅವನ ಅಪ್ಪ "ಮುಂದೆ ಹೊಡಿಯೋ!" ಅಂತ ಕಿರುಚಿದರು. ಐದು ನಿಮಿಷದ ನಂತರ ಅವನೇ ನೋಡದೆ ತಿರುಗಿ ಬಾಲ್ ಕಳೆದುಕೊಂಡ, ಗೋಲಾಯಿತು. ಸೋತೆವು. ವಾಪಸು ಬರುವಾಗ ವ್ಯಾನ್‌ನಲ್ಲಿ ನನ್ನ ಪಕ್ಕ ಕೂತು, ತಾನಾಗಿಯೇ ಹೇಳಿದ: "ಎರಡನೇ ಸಲ ನೋಡಲಿಲ್ಲ, ಸರ್."